ನೇತ್ರಾಣಿಯ ಅತಿಥಿಗಳು

'ದೇಶ ಸುತ್ತು, ಕೋಶ ಓದು' ಎಂಬ ಗಾದೆಯಿಂದ ಪ್ರವಾಸದ ಪ್ರಬಂಧವನ್ನು ಆರಂಭಿಸದ ವಿದ್ಯಾರ್ಥಿ ಕನ್ನಡ ನಾಡಿನಲ್ಲಿ ವಿರಳ. ಆದರೆ ದೇಶವನ್ನು ಹೇಗೆ ಸುತ್ತಬೇಕು, ಸುತ್ತುವವನು ಹೋದಲ್ಲಿ ಏನನ್ನು ಮಾಡಬೇಕು, ಏನನ್ನು ಮಾಡಬಾರದು ಎಂಬುದನ್ನು ಆ ಗಾದೆ ತಿಳಿಸುವುದಿಲ್ಲ. ಬಹುಶಃ ಹಿಂದಿನವರಿಗೆ ಅದನ್ನು ಹೇಳುವ ಅಗತ್ಯವೂ ಇರಲಿಲ್ಲ. ಕಾಲ್ನಡಿಗೆಯಲ್ಲಿಯೋ ಎತ್ತಿನ ಗಾಡಿಯಲ್ಲಿಯೋ ಹೊರಟ ಯಾತ್ರಿಕನು ದಾರಿಯ ಊರಿನ ಛತ್ರದಲ್ಲಿ ತಂಗಿ, ಅಲ್ಲಿಯವರು ತೋರಿಸಿದ ಕೆರೆಯಲ್ಲಿ ಮಿಂದು, ಅವರು ಬಡಿಸಿದ್ದನ್ನು ಉಂಡು ಮುಂದೆ ಸಾಗುತ್ತಿದ್ದನು. ಅವನು ಆ ಊರಿನ ಅತಿಥಿ. ಇಂದಿನ ಪ್ರವಾಸಿಯಾದರೋ ಮನೆಯಲ್ಲಿ ಕುಳಿತೇ ಹಣ ಕಟ್ಟಿ, ತಾನು ನೋಡಬೇಕಾದುದನ್ನೂ ಆಡಬೇಕಾದುದನ್ನೂ ಮೊದಲೇ ಗೊತ್ತುಮಾಡಿಕೊಂಡು ಬರುತ್ತಾನೆ. ಅವನು ಗಿರಾಕಿ. ಅತಿಥಿಗೂ ಗಿರಾಕಿಗೂ ಇರುವ ಈ ಅಂತರವು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಒಂದು ಸಣ್ಣ ದ್ವೀಪದಲ್ಲಿ.

ಅಂಥದೊಂದು ದ್ವೀಪ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ಇದೆ. ಯಲ್ಲಾಪುರ ತಾಲ್ಲೂಕಿನ ವಜ್ರಳ್ಳಿ ಘಟ್ಟದ ಮೇಲಿನ ಊರು. ಅಡಕೆ ತೋಟ, ಸೊಪ್ಪಿನ ಬೆಟ್ಟ, ಮಳೆಗಾಲದಲ್ಲಿ ಉಕ್ಕಿ ಬೇಸಗೆಯಲ್ಲಿ ಬತ್ತುವ ಹಳ್ಳ, ಇವುಗಳ ನಡುವೆ ಬೆಳೆದವರಿಗೆ ಕಡಲು ಪರಕೀಯವೆನಿಸಬಹುದು. ಆದರೆ ದೂರದ್ದೇನೂ ಅಲ್ಲ. ಇಡಗುಂದಿಯ ಬಳಿ ಹೆದ್ದಾರಿ ಸೇರಿ, ಅರಬೈಲ ಘಟ್ಟವಿಳಿದರೆ ಅಂಕೋಲೆ. ಅಲ್ಲಿಂದ ತೆಂಕಣಕ್ಕೆ ತಿರುಗಿ ಕುಮಟೆ, ಹೊನ್ನಾವರಗಳನ್ನು ದಾಟಿದರೆ ಭಟ್ಕಳ ತಾಲ್ಲೂಕಿನ ಮುರುಡೇಶ್ವರ. ಕೊನೆಕೊಯ್ಲು ಮುಗಿದು, ಅಡಕೆ ಒಣಗಿ, ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದಾಗ ಘಟ್ಟದ ಮೇಲಿನ ಅನೇಕ ಕುಟುಂಬಗಳು ಈ ದಾರಿ ಹಿಡಿಯುತ್ತವೆ. ಕಂದುಕಗಿರಿಯ ಮೇಲಿನ ಬೃಹತ್ ಶಿವಮೂರ್ತಿಯನ್ನು ನೋಡಿ, ಇಪ್ಪತ್ತು ಅಂತಸ್ತುಗಳ ಗೋಪುರವನ್ನು ಏರಿ ಪಡುವಣಕ್ಕೆ ಕಣ್ಣು ಹಾಯಿಸಿದವರಿಗೆ, ಆಕಾಶ ನಿರ್ಮಲವಾಗಿದ್ದರೆ, ನೀರಿನ ಅಂಚಿನಲ್ಲಿ ಮಸುಕಾದ ಒಂದು ಗುಡ್ಡ ಕಾಣುತ್ತದೆ. ಅದೇ ನೇತ್ರಾಣಿ.

ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಸುತ್ತಲೂ ಕಡಿದಾದ ಬಂಡೆಗಳಿಂದ ಕೂಡಿ, ನೆತ್ತಿಯ ಮೇಲೆ ಕಾಡನ್ನು ಹೊತ್ತು ನಿಂತಿರುವ ದ್ವೀಪವಿದು. ವಿಮಾನದಿಂದ ನೋಡಿದವರಿಗೆ ಇದರ ಆಕಾರ ಹೃದಯದಂತೆ ತೋರುವುದಂತೆ. ಇಂಗ್ಲಿಷರ ನಕ್ಷೆಗಳಲ್ಲಿ ಇದರ ಹೆಸರು 'ಪಾರಿವಾಳಗಳ ದ್ವೀಪ'. ಬಂಡೆಯ ಸಂದುಗಳಲ್ಲಿ ಕಾಡು ಪಾರಿವಾಳಗಳು, ಎತ್ತರದ ಮರಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡುಕಟ್ಟುತ್ತವೆ. ದ್ವೀಪದಲ್ಲಿ ಊರಿಲ್ಲ, ಒಕ್ಕಲಿಲ್ಲ. ಇರುವ ನಾಲ್ಕು ಕಾಲಿನ ನಿವಾಸಿಗಳೆಂದರೆ ಮೀನುಗಾರರು ಹರಕೆ ಹೊತ್ತು ತಂದು ಬಿಟ್ಟ ಆಡುಗಳ ಸಂತತಿ. ಹಿಂದೂ, ಮುಸಲ್ಮಾನ, ಕ್ರೈಸ್ತ ಮೀನುಗಾರರೆಲ್ಲರೂ ಈ ಬಂಡೆಗುಡ್ಡದಲ್ಲಿ ತಂತಮ್ಮ ದೈವದ ನೆಲೆಯನ್ನು ಕಂಡುಕೊಂಡಿದ್ದಾರೆ. ನಡುಗಡಲಿನಲ್ಲಿ ಗಾಳಿಯೆದ್ದಾಗ ಕೈಮುಗಿಯಲು ಒಂದು ಗುರುತು ಬೇಕಲ್ಲವೇ? ಇನ್ನೊಂದು ಕಾಲಘಟ್ಟವನ್ನೂ ಇಲ್ಲಿ ನೆನೆಯಬೇಕು. ನೌಕಾಪಡೆಯು ಗುಂಡು ಹಾರಿಸುವ ಅಭ್ಯಾಸಕ್ಕೆ ಈ ದ್ವೀಪವನ್ನು ಗುರಿಯಾಗಿ ಬಳಸಿಕೊಂಡದ್ದುಂಟು. ಅದನ್ನು ನಿಲ್ಲಿಸಬೇಕೆಂದು ಮೀನುಗಾರರೂ ಪರಿಸರಾಸಕ್ತರೂ ದನಿಯೆತ್ತಿದ್ದುಂಟು. ಆಡು ಮೇಯುವ ಬಂಡೆಯ ಮೇಲೆ ಫಿರಂಗಿಯ ಗುಂಡಿನ ಚೂರುಗಳು ಬಿದ್ದಿದ್ದವು.

ಆದರೆ ದೇಶದ ಮೂಲೆಮೂಲೆಯಿಂದ ಪ್ರವಾಸಿಗಳು ಇಲ್ಲಿಗೆ ಬರುತ್ತಿರುವುದು ನೀರಿನ ಮೇಲಿರುವುದಕ್ಕಾಗಿ ಅಲ್ಲ. ಲಕ್ಷದ್ವೀಪದ ಹಾಗೆ ಇದು ಹವಳದಿಂದಲೇ ಕಟ್ಟಿದ ದ್ವೀಪವಲ್ಲವಾದರೂ, ನೀರಿನೊಳಗೆ ಇಳಿಜಾರಾಗಿ ಹಬ್ಬಿದ ಬಂಡೆಗಳ ಮೇಲೆ ಹವಳಗಳು ನೆಲೆಯೂರಿವೆ. ಅವುಗಳ ಆಸರೆಯಲ್ಲಿ ಗಿಳಿಮೀನು, ಚಿಟ್ಟೆಮೀನು, ಬಂಡೆಯ ಬಿಲದಿಂದ ತಲೆ ಹೊರಹಾಕುವ ಹಾವುಮೀನು, ಆಮೆ ಮೊದಲಾದವು ಬದುಕುತ್ತವೆ. ಮೀನುಗಳಲ್ಲೆಲ್ಲ ಅತ್ಯಂತ ದೊಡ್ಡದೂ ಅತ್ಯಂತ ಸಾಧುವೂ ಆದ ತಿಮಿಂಗಿಲ ಶಾರ್ಕ್ ಈ ನೀರಿನಲ್ಲಿ ಕಾಣಿಸಿಕೊಂಡದ್ದಿದೆ. ಕರ್ನಾಟಕದಲ್ಲಿ ಆಳಕ್ಕೆ ಮುಳುಗಿ ನೋಡುವ ಕ್ರೀಡೆಗೆ ಪ್ರಸಿದ್ಧವಾದ ತಾಣ ನೇತ್ರಾಣಿಯೇ. 2022ರಲ್ಲಿ ತೆರೆಕಂಡ 'ಗಂಧದ ಗುಡಿ' ಸಾಕ್ಷ್ಯಚಿತ್ರದಲ್ಲಿ ನಟ ಪುನೀತ್ ರಾಜ್‌ಕುಮಾರರು ಇಲ್ಲಿಯ ನೀರಿನಲ್ಲಿ ಮುಳುಗಿದ ದೃಶ್ಯವನ್ನು ಲಕ್ಷಾಂತರ ಜನ ನೋಡಿದರು. ಅಂದಿನಿಂದ ಈ ಹೆಸರು ಕಡಲನ್ನೇ ಕಾಣದ ಊರುಗಳಿಗೂ ಪರಿಚಿತವಾಗಿದೆ.

ಮುಳುಗುವುದೆಂದರೇನು? ಉಸಿರು ಬಿಗಿಹಿಡಿದು ಬಾವಿಗೆ ಹಾರುವ ಹಳ್ಳಿಯ ಹುಡುಗನಿಗೆ ಅದೊಂದು ಕ್ಷಣದ ಆಟ. ಇಲ್ಲಿಯದು ಬೇರೆ. 1943ರಲ್ಲಿ ಫ್ರಾನ್ಸಿನ ಝಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ಎಂಬಿಬ್ಬರು, ಬೆನ್ನಿನ ಮೇಲಿನ ಉರುಳೆಯಲ್ಲಿ ಅದುಮಿ ತುಂಬಿದ ಗಾಳಿಯನ್ನು, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಹೊಂದುವಂತೆ, ಎಳೆದಾಗ ಎಳೆದಷ್ಟೇ ಬಾಯಿಗೆ ಬಿಡುವ ಸಾಧನವನ್ನು ರೂಪಿಸಿದರು. ಅಲ್ಲಿಂದಾಚೆಗೆ ಮನುಷ್ಯನು ಮೀನಿನ ಲೋಕದಲ್ಲಿ ಸ್ವತಂತ್ರವಾಗಿ ಅಲೆದಾಡುವಂತಾಯಿತು. ಆದರೆ ಆ ಲೋಕಕ್ಕೆ ತನ್ನದೇ ಕಟ್ಟಳೆಗಳಿವೆ. ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಹತ್ತು ಮೀಟರ್ ಕೆಳಗಿನಿಂದ ಉಸಿರು ಕಟ್ಟಿಕೊಂಡು ಮೇಲಕ್ಕೆ ಬಂದವನ ಎದೆಗೂಡಿನ ಗಾಳಿ ಇಮ್ಮಡಿಯಾಗಿ ಹಿಗ್ಗಲು ಹವಣಿಸುತ್ತದೆ, ಶ್ವಾಸಕೋಶ ಹರಿಯಬಹುದು. ಆದ್ದರಿಂದ 'ಎಂದಿಗೂ ಉಸಿರು ಕಟ್ಟಬಾರದು' ಎಂಬುದು ಇಲ್ಲಿಯ ಮೊದಲನೆಯ ಪಾಠ. ಆಳದಲ್ಲಿ ಬಹಳ ಹೊತ್ತಿದ್ದವನ ರಕ್ತದಲ್ಲಿ ಸಾರಜನಕ ಕರಗಿರುತ್ತದೆ. ಅವನು ಥಟ್ಟನೆ ಮೇಲೇರಿದರೆ, ಗೋಲಿ ಸೋಡಾದ ಗೋಲಿಯನ್ನು ಒತ್ತಿದಾಗ ನೊರೆಯೇಳುವಂತೆ, ಅದು ಗುಳ್ಳೆಗಳಾಗಿ ಹೊರಬಂದು ಕೀಲುಗಳನ್ನೂ ನರಗಳನ್ನೂ ಪೀಡಿಸುತ್ತದೆ. ಹಲವು ಸಲ ಮುಳುಗಿದವರು ವಿಮಾನ ಏರುವ ಮುನ್ನ ಕನಿಷ್ಠ 18 ಗಂಟೆ ಕಾಯಬೇಕೆಂಬ ನಿಯಮವಿರುವುದು ಇದೇ ಕಾರಣಕ್ಕಾಗಿ. ಎತ್ತರದ ಬೆಟ್ಟ ಏರುವುದಕ್ಕೂ ಈ ಎಚ್ಚರ ಅನ್ವಯಿಸುತ್ತದೆಯಾದ್ದರಿಂದ, ಆಳಕ್ಕೆ ಮತ್ತೆ ಮತ್ತೆ ಇಳಿದ ಘಟ್ಟದ ಮೇಲಿನವರು ಮನೆಯ ದಾರಿ ಹಿಡಿಯುವ ಮುನ್ನ ತರಬೇತುದಾರನನ್ನು ಒಂದು ಮಾತು ಕೇಳುವುದು ಲೇಸು.

ಭಾಷೆಯೂ ಅಲ್ಲಿ ಬದಲಾಗುತ್ತದೆ. ನೆಲದ ಮೇಲೆ ಹೆಬ್ಬೆರಳೆತ್ತಿದರೆ 'ಚೆನ್ನಾಗಿದೆ' ಎಂದರ್ಥ. ನೀರಿನೊಳಗೆ ಹೆಬ್ಬೆರಳೆತ್ತಿದವನನ್ನು ಜೊತೆಗಾರನು ತಕ್ಷಣ ಮೇಲಕ್ಕೆ ಕರೆದೊಯ್ಯುತ್ತಾನೆ, ಏಕೆಂದರೆ ಅಲ್ಲಿ ಅದರ ಅರ್ಥ 'ಮೇಲೆ ಹೋಗೋಣ'. ಚೆನ್ನಾಗಿದೆ ಎನ್ನಲು ಹೆಬ್ಬೆರಳು ತೋರುಬೆರಳುಗಳನ್ನು ಕೂಡಿಸಿ ಸೊನ್ನೆ ಮಾಡಬೇಕು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಣ್ಣ ಮಾಯವಾಗತೊಡಗುತ್ತದೆ. ಹವಳದ ಕೆಂಪನ್ನು ಕಾಣಬೇಕಾದರೆ ದೀಪ ಹಿಡಿಯಬೇಕು. ಮುಖಗಾಜಿನ ಮೂಲಕ ಮೀನುಗಳು ಇದ್ದುದಕ್ಕಿಂತ ದೊಡ್ಡದಾಗಿಯೂ ಹತ್ತಿರವಾಗಿಯೂ ತೋರುತ್ತವೆ. (ಮೀನು ಹಿಡಿದವನ ಮಾತಿನಲ್ಲಿ ಅವು ನೀರಿನ ಹೊರಗೂ ದೊಡ್ಡದಾಗುತ್ತವೆ, ಅದಕ್ಕೆ ಗಾಜು ಬೇಕಿಲ್ಲ.) ಶಬ್ದವು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಿಂದ ಬರುವುದರಿಂದ ಅದು ಯಾವ ದಿಕ್ಕಿನದೆಂದು ಕಿವಿಗೆ ತಿಳಿಯದು. ಹೀಗೆ ಕಣ್ಣು, ಕಿವಿ, ನಾಲಗೆ ಮೂರೂ ಹೊಸದಾಗಿ ಕಲಿಯಬೇಕಾದ ಸ್ಥಳಕ್ಕೆ ಹೋಗುವವನು ವಿದ್ಯಾರ್ಥಿಯಾಗಿಯೇ ಹೋಗಬೇಕಾಗುತ್ತದೆ. ಒಂದು ದಿನದ ಮಟ್ಟಿಗೆ ಬರುವ ಹೊಸಬರನ್ನು ತರಬೇತುದಾರರು 12 ಮೀಟರಿಗಿಂತ ಕೆಳಗೆ ಇಳಿಸುವಂತಿಲ್ಲ. ಈಜು ಬಾರದವರೂ ಅವರ ಕೈಹಿಡಿದು ಇಳಿಯಬಹುದು.

ಇಂಥ ಅಪೂರ್ವ ಅನುಭವವನ್ನು ಯಾರಿಗೂ ಬೇಡವೆನ್ನಲಾಗದು. ಪ್ರಶ್ನೆ ಹುಟ್ಟುವುದು ಅದರ ಸುತ್ತ ಬೆಳೆಯುತ್ತಿರುವ ಸಂತೆಯಿಂದ. ಕಡಲತೀರದ ಪ್ರವಾಸದ ಜಾಹೀರಾತುಗಳಲ್ಲಿ ಮುಳುಗುವುದರ ಜೊತೆಗೆ ವೇಗದ ಯಂತ್ರದೋಣಿ, ದೋಣಿಗೆ ಕಟ್ಟಿ ಹಾರಿಸುವ ಕೊಡೆ, ಗಾಳ ಹಾಕಿ ಮೀನು ಹಿಡಿಯುವ ವಿನೋದ, ಮೀನಿಗೆ ತಿಂಡಿ ಹಾಕುವ ವಿನೋದ, ಸಂಗೀತದ ಅಬ್ಬರ ಎಲ್ಲವೂ ಒಂದೇ ಪಟ್ಟಿಯಲ್ಲಿ ಸೇರಿಕೊಂಡಿರುತ್ತವೆ. ದೊಡ್ಡ ಕಡಲತೀರವೊಂದು ಇವುಗಳಲ್ಲಿ ಕೆಲವನ್ನು ತಾಳಿಕೊಳ್ಳಬಹುದು. ಹದ್ದು ಮರಿಮಾಡುವ ಬಂಡೆಯ ಪಕ್ಕದಲ್ಲಿ, ಮೀನು ಮರಿಮಾಡುವ ಹವಳದ ನೆತ್ತಿಯ ಮೇಲೆ ಇವು ಸಲ್ಲವು. ಮೀನಿಗೆ ಬ್ರೆಡ್ಡಿನ ಚೂರು ಎಸೆಯುವುದು ದಯೆಯಂತೆ ಕಾಣುತ್ತದೆ. ಆದರೆ ಗಿಳಿಮೀನಿನ ಕೆಲಸ ಹವಳದ ಮೇಲೆ ಬೆಳೆಯುವ ಪಾಚಿಯನ್ನು ಕೆರೆದು ತಿನ್ನುವುದು. ಅದು ಪ್ರವಾಸಿಯ ಕೈಯನ್ನು ಕಾಯತೊಡಗಿದರೆ ಹವಳವನ್ನು ಶುಚಿಗೊಳಿಸುವವರು ಯಾರು? ಕಾಲಿಗೆ ಆಸರೆಯೆಂದು ಹವಳದ ಮೇಲೆ ನಿಲ್ಲುವುದು, ನೆನಪಿಗೆಂದು ಅದರ ತುಂಡನ್ನು ಮುರಿದು ಚೀಲಕ್ಕೆ ಸೇರಿಸುವುದು ಇವೆರಡೂ ಬರಿಯ ಅವಿವೇಕವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ತಿಮಿಂಗಿಲ ಶಾರ್ಕನ್ನೂ ದಿಬ್ಬಕಟ್ಟುವ ಹವಳಗಳನ್ನೂ ಸೇರಿಸಲಾಯಿತು. ಹುಲಿಗೆ ದೊರೆತ ರಕ್ಷಣೆಯೇ ಹವಳಕ್ಕೂ ದೊರೆಯಿತೆಂಬುದು ಬಹುಮಂದಿಗೆ ತಿಳಿಯದು.

ಇನ್ನು ಛಾಯಾಚಿತ್ರದ ಮೋಹ. ನೀರಿನೊಳಗೆ ದೊರೆಯುವ ಅಲ್ಪ ಸಮಯದಲ್ಲಿ ಅರ್ಧವನ್ನು ಕ್ಯಾಮರಾದ ಕಡೆ ತಿರುಗಿ ಕೈಬೀಸುವುದರಲ್ಲಿ ಕಳೆದು, ಮನೆಗೆ ಬಂದ ಮೇಲೆ ಆ ಚಿತ್ರದಲ್ಲಿ ತನ್ನ ಬೆನ್ನ ಹಿಂದೆ ಆಮೆಯೊಂದು ಹಾದುಹೋದದ್ದನ್ನು ಕಂಡು ಮರುಗುವವರಿದ್ದಾರೆ. ಇದಕ್ಕಿಂತ ಕಡಿಮೆ ಖರ್ಚಿನ, ಕಡಿಮೆ ಮೆರೆದಾಟದ ಇನ್ನೊಂದು ದಾರಿಯಿದೆ. ಮುಖಗಾಜು ಧರಿಸಿ, ಬಾಯಿಯಲ್ಲೊಂದು ಕೊಳವೆ ಕಚ್ಚಿ, ತೇಲುಜಾಕೀಟು ತೊಟ್ಟು ನೀರಿನ ಮೇಲೆ ಬೋರಲಾಗಿ ತೇಲುತ್ತ ಕೆಳಗಿನ ಲೋಕವನ್ನು ನೋಡುವುದು. ಅದನ್ನು ಹೆಂಗಸರು ಮಕ್ಕಳು ಮಾಡುವ ಆಟವೆಂದು ಹೀಗಳೆಯುವವರುಂಟು. ಬಿಸಿಲು ನೆಟ್ಟಗೆ ಬೀಳುವ, ತಿಳಿಯಾದ, ಹೆಚ್ಚು ಆಳವಿಲ್ಲದ ನೀರಿನಲ್ಲಿಯೇ ಹವಳದ ಬಣ್ಣ ಕಣ್ಣಿಗೆ ಚೆನ್ನಾಗಿ ತುಂಬುತ್ತದೆ ಎಂಬುದನ್ನು ಅವರು ಬಲ್ಲರೇ?

ಹವಳವೆಂಬುದು ಕಲ್ಲಲ್ಲ, ಗಿಡವೂ ಅಲ್ಲ. ಅದು ಸಾವಿರಾರು ಪುಟ್ಟ ಪ್ರಾಣಿಗಳು ಒಟ್ಟಾಗಿ ಕಟ್ಟಿಕೊಂಡ ಸುಣ್ಣದ ಮನೆ. ಆ ಪ್ರಾಣಿಗಳ ಮೈಯೊಳಗೆ ಬರಿಗಣ್ಣಿಗೆ ಕಾಣದ ಪಾಚಿಗಳು ವಾಸಿಸುತ್ತವೆ; ಪ್ರಾಣಿಯು ಪಾಚಿಗೆ ನೆಲೆ ಕೊಡುತ್ತದೆ, ಪಾಚಿಯು ಬಿಸಿಲಿನಿಂದ ಆಹಾರ ತಯಾರಿಸಿ ಪ್ರಾಣಿಗೆ ಕೊಡುತ್ತದೆ. ಹವಳದ ಬಣ್ಣವೂ ಬಹುಮಟ್ಟಿಗೆ ಈ ಒಕ್ಕಲಿನದೇ. ಗುಂಡಾಗಿ ಬೆಳೆಯುವ ಜಾತಿಯ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಒಂದು ಲಂಗರು ಒಂದು ನಿಮಿಷದಲ್ಲಿ ಉರುಳಿಸುವುದು ಅಜ್ಜನ ಕಾಲದಿಂದ ಬೆಳೆದುಬಂದುದನ್ನು. ಕಡಲಿನ ನೀರು ಅತಿಯಾಗಿ ಬಿಸಿಯಾದರೆ ಈ ಒಡಂಬಡಿಕೆ ಮುರಿದು, ಪಾಚಿ ಹೊರಬಿದ್ದು, ಹವಳ ಬಿಳಿಚಿಕೊಳ್ಳುತ್ತದೆ. ತಾಪ ಬಹುಕಾಲ ಮುಂದುವರಿದರೆ ಸಾಯುತ್ತದೆ. ಲಕ್ಷದ್ವೀಪದ ಹವಳಗಳು 1998, 2010 ಮತ್ತು 2016ರಲ್ಲಿ ಹೀಗೆ ಬಿಳಿಚಿದವು. 2024ರ ಏಪ್ರಿಲ್‌ನಲ್ಲಿ, ಜಗತ್ತಿನಾದ್ಯಂತ ಹವಳ ಬಿಳಿಚುವ ನಾಲ್ಕನೆಯ ಮಹಾಘಟನೆ ನಡೆಯುತ್ತಿದೆಯೆಂದು ವಿಜ್ಞಾನಿಗಳು ಸಾರಿದರು. ಕಡಲಿನ ಬಿಸಿಯನ್ನು ಮುರುಡೇಶ್ವರದ ದೋಣಿಯವನು ತಗ್ಗಿಸಲಾರನು. ಆದರೆ ಜ್ವರದಿಂದ ನರಳುತ್ತಿರುವವನ ಮೇಲೆ ಕಾಲಿಡದೆ ಇರುವುದು ಎಲ್ಲರ ಕೈಯಲ್ಲಿಯೂ ಇದೆ.

ಹಾಗಾದರೆ ಪ್ರವಾಸಿಗಳನ್ನೇ ತಡೆದುಬಿಡಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಥೈಲೆಂಡಿನ ಮಾಯಾ ಕೊಲ್ಲಿ 2000ದಲ್ಲಿ ತೆರೆಕಂಡ ಒಂದು ಹಾಲಿವುಡ್ ಚಿತ್ರದಿಂದ ಪ್ರಸಿದ್ಧವಾಯಿತು. ಆ ಪುಟ್ಟ ಕೊಲ್ಲಿಗೆ ದಿನಕ್ಕೆ ಸಾವಿರಾರು ಮಂದಿ ನುಗ್ಗತೊಡಗಿ, ದೋಣಿಗಳ ಲಂಗರಿಗೆ ಸಿಕ್ಕಿ ಅಲ್ಲಿಯ ಹವಳದ ಬಹುಭಾಗ ನಾಶವಾಯಿತು. 2018ರ ಜೂನ್‌ನಲ್ಲಿ ಸರಕಾರ ಅದನ್ನು ಮುಚ್ಚಿತು. 2022ರ ಜನವರಿಯವರೆಗೆ ತೆರೆಯಲಿಲ್ಲ. ಆ ಅವಧಿಯಲ್ಲಿ ಹವಳದ ತುಂಡುಗಳನ್ನು ನೆಡಲಾಯಿತು, ಕಾಣೆಯಾಗಿದ್ದ ಶಾರ್ಕುಗಳು ತಾವಾಗಿ ಮರಳಿದವು. ಮತ್ತೆ ತೆರೆದಾಗ ದೋಣಿಗಳು ಕೊಲ್ಲಿಯೊಳಕ್ಕೆ ಬರಕೂಡದು, ಬರುವ ಜನರ ಸಂಖ್ಯೆಗೆ ಮಿತಿಯಿರಬೇಕು ಎಂಬ ಕಟ್ಟಳೆ ಮಾಡಿದರು. ಮೊದಲೇ ಈ ಮಿತಿಯನ್ನು ಹಾಕಿದ್ದರೆ ಅಷ್ಟು ವರ್ಷ ಮುಚ್ಚುವ ಅಗತ್ಯವಿರುತ್ತಿತ್ತೇ? ನೇತ್ರಾಣಿಗೆ ಬೇಕಾದುದೂ ಬೀಗವಲ್ಲ, ಮಿತಿ. ದಿನಕ್ಕೆ ಇಂತಿಷ್ಟೇ ದೋಣಿ, ಒಬ್ಬ ತರಬೇತುದಾರನಿಗೆ ಇಂತಿಷ್ಟೇ ಹೊಸಬರು ಎಂಬುದು ನಿಶ್ಚಿತವಾಗಬೇಕು. ಹವಳವಿರುವಲ್ಲಿ ಲಂಗರು ಎಸೆಯದೆ, ತಳದಲ್ಲಿ ಶಾಶ್ವತವಾಗಿ ನೆಲೆಗೊಳಿಸಿದ ತೇಲುಬುರುಡೆಗೆ ದೋಣಿಯನ್ನು ಕಟ್ಟುವ ಪದ್ಧತಿ ಖಾಯಂ ಆಗಬೇಕು. ಕಣ್ಣಿಗೆ ಕಾಣದುದನ್ನು ಜನ ಉಳಿಸಿಕೊಳ್ಳುವುದು ಅಪರೂಪ. ಬಂಡೆಗೆ ಸಿಕ್ಕಿ ಮೀನುಗಳನ್ನು ಕೊಲ್ಲುತ್ತಲೇ ಇರುವ ಹರಿದ ಬಲೆಗಳನ್ನು ಲೋಕದ ಅನೇಕ ಕಡಲುಗಳಲ್ಲಿ ಬಿಡಿಸುತ್ತಿರುವವರು ಮುಳುಗುಗಾರರೇ ಎಂಬುದನ್ನು ಗಮನಿಸಬೇಕು.

ಮಿತಿ ಹಾಕಿದರೆ ಆದಾಯ ತಗ್ಗುತ್ತದೆಂಬುದು ವ್ಯಾಪಾರಿಗಳ ಆಕ್ಷೇಪ. ಯಾರ ಆದಾಯ ಎಂಬುದು ಅದಕ್ಕೆ ಎದುರು ಪ್ರಶ್ನೆ. ಮೊಗೇರ, ಖಾರ್ವಿ, ಹರಿಕಾಂತ ಮೊದಲಾದ ಸಮುದಾಯಗಳ ಮೀನುಗಾರರು ಹುಟ್ಟಿನಿಂದ ಈ ನೀರನ್ನು ಬಲ್ಲವರು. ಗಾಳಿ ಯಾವಾಗ ತಿರುಗೀತು, ಯಾವ ಬಂಡೆಯ ಬಳಿ ಸೆಳೆತ ಹೆಚ್ಚು ಎಂಬ ಅರಿವು ಅವರ ರಕ್ತದಲ್ಲಿದೆ. ಅವರ ಮನೆಯ ಮಕ್ಕಳು ಪ್ರವಾಸಿಯ ಚೀಲ ಹೊರುವವರಾಗಿ ಉಳಿಯದೆ ಮುಳುಗುವ ವಿದ್ಯೆಯ ಗುರುಗಳಾಗಬೇಕು. ಆಗ ದ್ವೀಪವನ್ನು ಕಾಯುವುದೂ ಅನ್ನ ಸಂಪಾದಿಸುವುದೂ ಒಂದೇ ಕೆಲಸವಾಗುತ್ತದೆ. ಹೊರಗಿನ ಬಂಡವಾಳಗಾರನಿಗೆ ಈ ಹವಳ ಸತ್ತರೆ ಇನ್ನೊಂದು ದ್ವೀಪವಿದೆ. ಅವರಿಗಿಲ್ಲ.

ಆಳಕ್ಕೆ ಇಳಿಯುವುದು ಅಪಾಯ, ದಡದಲ್ಲಿ ಆಡುವುದು ಕ್ಷೇಮ ಎಂಬ ಭಾವನೆ ಸಾಮಾನ್ಯವಾಗಿದೆ. 2024ರ ಡಿಸೆಂಬರ್‌ನಲ್ಲಿ ಶಾಲೆಯ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ದಡದಲ್ಲಿಯೇ ಅಲೆಗೆ ಸಿಕ್ಕಿ ಮೃತಪಟ್ಟರು. ಈ ಪಾಠವನ್ನು ಓದುವವರ ವಯಸ್ಸಿನ ಆಸುಪಾಸಿನ ಮಕ್ಕಳು ಅವರು. ಮುಳುಗುವವನ ಪಕ್ಕದಲ್ಲಿ ಒಬ್ಬ ಗುರುವಿರುತ್ತಾನೆ. ಇಳಿಯುವ ಮುನ್ನ ಉಸಿರಾಟದಿಂದ ಹಿಡಿದು ಸನ್ನೆಯವರೆಗೆ ಎಲ್ಲವನ್ನೂ ಕಲಿಸಿರುತ್ತಾನೆ. ಅಲೆಯಲ್ಲಿ ಆಡುವ ಬಯಲುಸೀಮೆಯ ಹುಡುಗಿಗೆ, ಹಿಂದೆ ಸರಿಯುವ ನೀರು ಕಾಲಡಿಯ ಮರಳನ್ನು ಹೇಗೆ ಕಿತ್ತುಕೊಂಡು ಹೋಗುತ್ತದೆಂಬುದನ್ನು ಯಾರು ಹೇಳಿದ್ದರು? ಶಾಲೆಯಿಂದ ಕಡಲಿಗೆ ಹೊರಡುವ ಪ್ರತಿಯೊಂದು ಬಸ್ಸೂ ಹೊರಡುವ ಹಿಂದಿನ ದಿನ ಒಂದು ಗಂಟೆಯ ಪಾಠವನ್ನು ಕಡಲಿನ ಬಗೆಗೆ ಮೀಸಲಿಡುವುದು ದುಬಾರಿಯ ಮಾತೇನಲ್ಲ. ಕೆಂಪು ಬಾವುಟದ ಅರ್ಥ, ಜೀವರಕ್ಷಕನ ಮಾತಿಗೆ ಕೊಡಬೇಕಾದ ಬೆಲೆ, ಸೆಳೆತಕ್ಕೆ ಸಿಕ್ಕವನು ದಡದತ್ತ ಸೆಣಸದೆ ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕೆಂಬ ಉಪಾಯ, ಇಷ್ಟನ್ನು ಒಂದು ಗಂಟೆಯಲ್ಲಿ ಕಲಿಸಬಹುದು.

ವಜ್ರಳ್ಳಿಯ ಕಡೆಯವರಿಗೆ ಇದೆಲ್ಲ ಬೇಗ ಅರ್ಥವಾಗಬೇಕು. ಏಕೆಂದರೆ ಅವರು ಪ್ರವಾಸಿಗಳಾಗುವುದಕ್ಕಿಂತ ಹೆಚ್ಚಾಗಿ ಆತಿಥೇಯರಾಗಿದ್ದಾರೆ. ಮಾಗೋಡಿನ ಜಲಪಾತ, ಸಾತೋಡಿಯ ಜಲಪಾತಗಳನ್ನು ನೋಡಲು ರಜೆಯ ದಿನಗಳಲ್ಲಿ ವಾಹನಗಳ ಸಾಲು ಯಲ್ಲಾಪುರದತ್ತ ಹರಿಯುತ್ತದೆ. ಬಂದವರು ಬಂಡೆಯ ಮೇಲೆ ಒಡೆದುಹೋದ ಬಾಟಲಿಯ ಚೂರನ್ನು ಮರುದಿನ ತುಳಿಯುವುದು ಅಲ್ಲಿಯ ದನ, ಅಲ್ಲಿಯ ಮಕ್ಕಳ ಬರಿಗಾಲು. ತನ್ನ ಊರಿನ ಹಳ್ಳದಲ್ಲಿ ಪರಊರಿನವನ ಕಸವನ್ನು ಕಂಡು ಸಿಡುಕುವವನು, ಪರಊರಿನ ಕಡಲಿನಲ್ಲಿ ತಿಂಡಿಯ ಪೊಟ್ಟಣವನ್ನು ಕೈಬಿಟ್ಟರೆ ಅವನ ಸಿಡುಕಿಗೆ ಬೆಲೆಯೆಲ್ಲಿ? ಈ ಜಿಲ್ಲೆಯ ಜನ ಬೇಡ್ತಿ ಕಣಿವೆಯನ್ನು ಮುಳುಗಿಸಲಿದ್ದ ವಿದ್ಯುತ್ ಯೋಜನೆಯನ್ನು ಪ್ರಶ್ನಿಸಿದವರು. 1983ರಲ್ಲಿ ಮರಗಳನ್ನು ಅಪ್ಪಿಕೊಂಡು ಉಳಿಸಿದವರು. ಕಾಡಿಗೆ ಸಂದ ಆ ಮಮತೆ ಕಡಲಿನ ತಳದ ಕಾಡಿಗೆ ಇನ್ನೂ ಸಂದಿಲ್ಲ. ಅದು ಕಣ್ಣಿಗೆ ಬೀಳದ ಕಾಡು ಎಂಬುದೊಂದೇ ಅದಕ್ಕೆ ಕಾರಣವಿರಬೇಕು.

ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಳೆಗಾಲದ ಕಡಲಿನಲ್ಲಿ ಮುಳುಗುವವರ ದೋಣಿಗಳೂ ನೇತ್ರಾಣಿಗೆ ಹೋಗುವುದಿಲ್ಲ. ದ್ವೀಪವು ಹದ್ದುಗಳಿಗೂ ಪಾರಿವಾಳಗಳಿಗೂ ಹರಕೆಯ ಆಡುಗಳಿಗೂ ಸೇರಿದ್ದಾಗುತ್ತದೆ. ಆ ದಿನಗಳಲ್ಲಿ ಯಲ್ಲಾಪುರದ ಘಟ್ಟದ ಹಳ್ಳಗಳೆಲ್ಲ ತುಂಬಿ, ಕೆಲವು ಬೇಡ್ತಿಯನ್ನು ಸೇರಿ ಗಂಗಾವಳಿಯಾಗಿ, ಕೆಲವು ಕಾಳಿಯನ್ನು ಸೇರಿ, ಕೆಂಪು ಮಣ್ಣನ್ನೂ ತೋಟದ ತರಗೆಲೆಯನ್ನೂ, ಯಾರೋ ಬಂಡೆಯ ಮೇಲೆ ಬಿಟ್ಟುಹೋದ ನೀರಿನ ಬಾಟಲಿಗಳನ್ನೂ ಹೊತ್ತುಕೊಂಡು ಪಡುವಣ ಕಡಲಿಗೆ ಇಳಿಯುತ್ತವೆ.